ಯಾರ ಲಿಸ್ಟಿನಲ್ಲೂ ಇಲ್ಲದ ಟಿಕೆಟ್ ಎಲ್ಲಿ ಹೋಯ್ತು?

ಪ್ರಶ್ನೆ: ರಾಜಾಜಿನಗರದಲ್ಲಿರುವ ನಮ್ಮ ಕಂಪನಿ ಮನೆಗಳಿಗೆ ನೀರಿನ ಫಿಲ್ಟರ್ ಮಾರುತ್ತದೆ, ಸರ್ವಿಸ್ ಕೂಡ ಮಾಡುತ್ತದೆ. ಕಸ್ಟಮರ್ ಸಪೋರ್ಟ್‌ನಲ್ಲಿ ಎಂಟು ಜನ ಇದ್ದೇವೆ, ನಾನು ಟೀಮ್ ಲೀಡ್. ಟಿಕೆಟ್ ಸಾಫ್ಟ್‌ವೇರ್‌ನಲ್ಲಿ (ಒಂದೊಂದು ದೂರೂ ಅಲ್ಲಿ ಒಂದು ಟಿಕೆಟ್) ಈಗ ನಲವತ್ತಕ್ಕೂ ಜಾಸ್ತಿ ಸೇವ್ ಮಾಡಿದ ಸರ್ಚ್‌ಗಳಿವೆ. ಒಂದೊಂದು ಸರ್ಚೂ ಕೆಲವು ಟಿಕೆಟ್‌ಗಳನ್ನು ಆರಿಸಿ ಒಂದು ಲಿಸ್ಟ್ ಆಗಿ ತೋರಿಸುತ್ತದೆ, ಆದರೆ ಯಾವುದು ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಕಳೆದ ತಿಂಗಳು ಒಬ್ಬರು ಒಂದು ಸರ್ಚ್ ತಿದ್ದಿದರು, ಎಲ್ಲರ ಲಿಸ್ಟೂ ಬದಲಾಯಿತು. ಕೆಲವು ಗ್ರಾಹಕರ ದೂರು ವಾರಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಸರ್ಚ್‌ಗಳನ್ನು ಸರಿಯಾಗಿ ಮಾಡೋದು, ತಿದ್ದೋದು ಹೇಗೆ? ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬಹುದಾ?

ಉತ್ತರ: ಅಳಿಸಬೇಡಿ, ಈಗಲೇ ಬೇಡ. ನಲವತ್ತು ಲಿಸ್ಟ್ ಇರೋದು ತಲೆನೋವು ನಿಜ. ಆದರೆ ನಿಮ್ಮ ಪ್ರಶ್ನೆಯಲ್ಲಿ ಮೊದಲು ಕೈ ಹಾಕಬೇಕಾದ ವಿಷಯ ಬೇರೆ. ವಾರಗಟ್ಟಲೆ ಯಾರೂ ನೋಡದ ಆ ದೂರುಗಳು. ಯಾವುದೋ ಮನೆಯಲ್ಲಿ ಕುಡಿಯೋ ನೀರಿಗೆ ತೊಂದರೆಯಾಗಿದೆ. ಅವರು ಹೇಳಿಕೊಂಡಿದ್ದಾರೆ, ಟಿಕೆಟ್ ನಂಬರ್ ಕೂಡ ಸಿಕ್ಕಿದೆ. ಇತ್ತ ನಿಮ್ಮ ಎಂಟು ಜನ ದಿನವಿಡೀ ಕೆಲಸ ಮಾಡಿ ತಮ್ಮ ತಮ್ಮ ಲಿಸ್ಟ್ ಖಾಲಿ ಮಾಡಿದ್ದಾರೆ. ಆದರೂ ಆ ಟಿಕೆಟ್ ಹಾಗೇ ಕೂತಿದೆ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಎರಡು ಕಂಡೀಷನ್‌ಗಳ (ಯಾವ ಟಿಕೆಟ್ ಲಿಸ್ಟಿಗೆ ಬರಬೇಕು ಅನ್ನುವ ಷರತ್ತುಗಳು) ಸಂದಿಯಲ್ಲಿ ಟಿಕೆಟ್ ಜಾರಿಹೋಗಿದೆ, ಅಷ್ಟೇ. ಹಾಗಾಗಿ ಸರ್ಚ್ ಮಾಡುವಾಗ ಏನು ಕಾಣ್ತಿದೆ ಅಂತ ನೋಡೋದಕ್ಕಿಂತ, ಏನು ಕಾಣ್ತಿಲ್ಲ ಅಂತ ನೋಡೋದನ್ನು ನಿಮ್ಮ ಟೀಮ್ ಕಲಿಯಬೇಕು. ಈ ಉತ್ತರ ಪೂರ್ತಿ ಅದರ ಬಗ್ಗೆಯೇ.

ನಿಮ್ಮ ಸಾಫ್ಟ್‌ವೇರ್ ಯಾವುದು ಅಂತ ಬರೆದಿಲ್ಲ. ಝೆಂಡೆಸ್ಕ್ ಮತ್ತು ಫ್ರೆಶ್‌ಡೆಸ್ಕ್‌ನಲ್ಲಿ ಇದಕ್ಕೆ ವ್ಯೂ ಅನ್ನುತ್ತಾರೆ, ಜಿರಾದಲ್ಲಿ ಫಿಲ್ಟರ್ ಅನ್ನುತ್ತಾರೆ. ಎಲ್ಲದರಲ್ಲೂ ಒಳಗಿನ ಕೆಲಸ ಒಂದೇ. ಸೇವ್ ಆಗೋದು ಕಂಡೀಷನ್‌ಗಳು ಮಾತ್ರ, ಟಿಕೆಟ್‌ಗಳಲ್ಲ. ಲಿಸ್ಟ್ ತೆರೆದಾಗಲೆಲ್ಲ ಸಾಫ್ಟ್‌ವೇರ್ ಆ ಕಂಡೀಷನ್‌ಗಳಿಗೆ ಹೊಂದುವ ಟಿಕೆಟ್‌ಗಳನ್ನು ತಂದು ತೋರಿಸುತ್ತದೆ. ಬೆಳಿಗ್ಗೆ ಲಿಸ್ಟಿನಲ್ಲಿದ್ದ ಟಿಕೆಟ್ ಮಧ್ಯಾಹ್ನ ಇಲ್ಲ ಅಂದರೆ ಅದು ಎಲ್ಲೂ ಹೋಗಿಲ್ಲ. ಯಾರೋ ಸ್ಟೇಟಸ್ ಬದಲಾಯಿಸಿದ್ದಾರೆ, ಗ್ರೂಪ್ ಬದಲಾಯಿಸಿದ್ದಾರೆ ಅಥವಾ ಟ್ಯಾಗ್ (ಗುರುತಿಗೆ ಅಂಟಿಸಿದ ಪದ) ತೆಗೆದಿದ್ದಾರೆ. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ಈಗ ಮೊದಲ ಕೆಲಸ. ಬಗೆಹರಿಯದ ಎಲ್ಲ ಟಿಕೆಟ್‌ಗಳ ಒಂದು ಲಿಸ್ಟ್ ಮಾಡಿ. ಸ್ಟೇಟಸ್ ಬಿಟ್ಟು ಬೇರೆ ಕಂಡೀಷನ್ ಬೇಡ. ಗ್ರೂಪ್, ಟ್ಯಾಗ್, ತಾರೀಖು ಯಾವುದೂ ಬೇಡ. ಹಳೆಯ ಟಿಕೆಟ್ ಮೇಲೆ ಬರುವ ಹಾಗೆ ಜೋಡಿಸಿ. ನೋಡೋಕೆ ತುಂಬ ಸಾಧಾರಣ ಲಿಸ್ಟ್. ಆದರೆ ಎಷ್ಟೋ ಟೀಮ್‌ಗಳಲ್ಲಿ ಇದೇ ಇರೋದಿಲ್ಲ. ನಲವತ್ತು ಚೂರು ಲಿಸ್ಟ್ ಇರುತ್ತವೆ, ಒಟ್ಟು ಲೆಕ್ಕ ತೋರಿಸುವ ಒಂದು ಲಿಸ್ಟ್ ಇರೋದಿಲ್ಲ.

ಇಷ್ಟು ಸರಳ ಲಿಸ್ಟಿನಲ್ಲೂ ಎಡವೋ ಜಾಗ ಇದೆ. ಬಗೆಹರಿಯದ್ದು ಅಂದರೆ ಓಪನ್ ತಾನೇ ಅಂತ ಸ್ಟೇಟಸ್‌ಗೆ ಓಪನ್ ಒಂದನ್ನೇ ಕೊಟ್ಟುಬಿಡುತ್ತಾರೆ. ಝೆಂಡೆಸ್ಕ್‌ನಲ್ಲಿ ಸ್ಟೇಟಸ್ ನ್ಯೂ, ಓಪನ್, ಪೆಂಡಿಂಗ್, ಆನ್-ಹೋಲ್ಡ್, ಸಾಲ್ವ್ಡ್, ಕ್ಲೋಸ್ಡ್ ಅಂತ ಸಾಲಾಗಿ ಸಾಗುತ್ತದೆ. ಓಪನ್ ಮಾತ್ರ ಕೊಟ್ಟರೆ ಇನ್ನೂ ಯಾರೂ ಮುಟ್ಟದ ನ್ಯೂ ಟಿಕೆಟ್‌ಗಳೂ ಹೊರಗೆ, ಮೆಂಬ್ರೇನ್ (ನೀರು ಸೋಸುವ ಪದರ) ಬರಲಿ ಅಂತ ಆನ್-ಹೋಲ್ಡ್‌ನಲ್ಲಿ ಇಟ್ಟವೂ ಹೊರಗೆ. ಸ್ಪೇರ್ ಪಾರ್ಟ್‌ಗೆ ಕಾಯುವ ಟಿಕೆಟ್‌ಗಳನ್ನೇ ಜನ ಜಾಸ್ತಿ ಮರೆಯೋದು. ಅಲ್ಲಿ ಸ್ಟೇಟಸ್ ಸಾಲ್ವ್ಡ್‌ಗಿಂತ ಕಡಿಮೆ ಅನ್ನುವ ಕಂಡೀಷನ್ ಸಿಗುತ್ತದೆ, ಅದನ್ನೇ ಹಾಕಿ. ಮೊದಲ ನಾಲ್ಕೂ ಒಟ್ಟಿಗೆ ಬರುತ್ತವೆ. ನೀವು ಫ್ರೆಶ್‌ಡೆಸ್ಕ್ ಬಳಸುತ್ತಿದ್ದರೆ ಪಕ್ಕದ ಫಿಲ್ಟರ್ ಪಟ್ಟಿಯಲ್ಲಿ ಟಿಕೆಟ್ ಹುಟ್ಟಿದ ತಾರೀಖಿನ ಜಾಗ ನೋಡಿ. ಅಲ್ಲಿ ಕಳೆದ 30 ದಿನ ಅಂತ ಇದ್ದು, ನೀವು ಗಮನಿಸದೆ ಸೇವ್ ಮಾಡಿದರೆ, 31ನೇ ದಿನಕ್ಕೆ ಕಾಲಿಟ್ಟ ದೂರು ಲಿಸ್ಟಿನಿಂದ ಸದ್ದಿಲ್ಲದೆ ಜಾರುತ್ತದೆ. ಯಾರಿಗೆ ಅತಿ ಹೆಚ್ಚು ಅನ್ಯಾಯ ಆಗಿದೆಯೋ ಅವರೇ ಕಾಣದ ಹಾಗೆ ಆಗುತ್ತದೆ.

ಒಟ್ಟು ಲಿಸ್ಟ್ ಸಿಕ್ಕಿತಾ? ಈಗ ಲೆಕ್ಕ ಹಾಕಿ. ಒಟ್ಟು 212 ಟಿಕೆಟ್ ಬಾಕಿ ಅಂದುಕೊಳ್ಳಿ. ಟೀಮ್ ದಿನಾ ನೋಡೋದು ಮೂರು ಲಿಸ್ಟ್: ಇನ್‌ಸ್ಟಾಲೇಷನ್ 70, ಸರ್ವಿಸ್ 95, ಬಿಲ್ಲಿಂಗ್ 30. ಕೂಡಿದರೆ 195. ಉಳಿದ 17 ಎಲ್ಲಿ? ಒಂದೇ ಟಿಕೆಟ್ ಎರಡು ಲಿಸ್ಟಿನಲ್ಲಿ ಇದ್ದರೆ ಹೊರಗಿರುವವು ಇನ್ನೂ ಜಾಸ್ತಿ. ಆ ಹದಿನೇಳನ್ನು ಕೈಯಾರೆ ಹುಡುಕಿ, ಒಂದೊಂದನ್ನೇ ತೆರೆದು ನೋಡಿ. ಇದು ಬೇಜಾರಿನ ಕೆಲಸ, ಆದರೆ ನಿಮ್ಮ ಸರ್ಚ್‌ಗಳ ತೂತು ಎಲ್ಲಿದೆ ಅಂತ ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳೋದಿಲ್ಲ. ಕೆಲವಕ್ಕೆ ಗ್ರೂಪ್ ಖಾಲಿ ಇರುತ್ತದೆ. ಕೆಲವು ಕೆಲಸ ಬಿಟ್ಟು ಹೋದವರ ಹೆಸರಿನಲ್ಲೇ ಇರುತ್ತವೆ. ಕೆಲವಕ್ಕೆ ವಿಭಾಗವೇ ಆರಿಸಿರೋದಿಲ್ಲ.

ತೂತು ಬೀಳೋಕೆ ಮುಖ್ಯ ಕಾರಣಗಳಲ್ಲಿ ಒಂದು, ಕಂಡೀಷನ್ ಜೋಡಿಸುವ 'ಮತ್ತು', 'ಅಥವಾ' ಎರಡನ್ನೂ ಬೆರೆಸೋದು. ನೀವು ಒಂದು ಲಿಸ್ಟ್ ಮಾಡುತ್ತಿದ್ದೀರಿ: ಬಗೆಹರಿಯದ ಮತ್ತು ಸರ್ವಿಸ್ ಅಥವಾ ಇನ್‌ಸ್ಟಾಲೇಷನ್ ಗ್ರೂಪಿನ ಟಿಕೆಟ್‌ಗಳು. ಬಾಯಲ್ಲಿ ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತದೆ. ಜಿರಾದಲ್ಲಿ ಇದನ್ನೇ ಬ್ರಾಕೆಟ್ ಇಲ್ಲದೆ ಬರೆದರೆ ಅದು ಮೊದಲು 'ಮತ್ತು' ಇರುವ ಕಡೆ ಗಂಟು ಹಾಕುತ್ತದೆ, ಆಮೇಲೆ 'ಅಥವಾ' ನೋಡುತ್ತದೆ. ಬರೋದು ಏನು? ಬಗೆಹರಿಯದ ಸರ್ವಿಸ್ ಟಿಕೆಟ್‌ಗಳು, ಜೊತೆಗೆ ಇನ್‌ಸ್ಟಾಲೇಷನ್‌ನ ಎಲ್ಲ ಟಿಕೆಟ್‌ಗಳು, ಎರಡು ವರ್ಷದ ಹಿಂದೆ ಮುಗಿದವೂ ಸೇರಿ. 'ಅಥವಾ' ಇರುವ ಭಾಗಕ್ಕೆ ಬ್ರಾಕೆಟ್ ಹಾಕಿದರೆ ಸರಿಹೋಗುತ್ತದೆ.

ಝೆಂಡೆಸ್ಕ್‌ನಲ್ಲಿ ಬ್ರಾಕೆಟ್ ಇಲ್ಲ, ಎರಡು ಡಬ್ಬಿಗಳಿವೆ. ಮೇಲಿನದರಲ್ಲಿ ಹಾಕಿದ ಎಲ್ಲವೂ ನಿಜವಾಗಬೇಕು. ಕೆಳಗಿನದರಲ್ಲಿ ಹಾಕಿದ್ದರಲ್ಲಿ ಯಾವುದಾದರೂ ಒಂದು ನಿಜವಾದರೆ ಸಾಕು. ಸ್ಟೇಟಸ್ ಮೇಲೆ ಹಾಕಿ, ಎರಡು ಗ್ರೂಪ್‌ಗಳನ್ನು ಕೆಳಗೆ ಹಾಕಿ, ಮುಗಿಯಿತು. ಆದರೆ ಕೆಳಗಿನ ಡಬ್ಬಿಯಲ್ಲಿ ಒಂದೇ ಒಂದು ಕಂಡೀಷನ್ ಇಟ್ಟರೆ ಅದು ಕಡ್ಡಾಯ ಕಂಡೀಷನ್ ಆಗಿಬಿಡುತ್ತದೆ, ಮೇಲೆ ಇಟ್ಟ ಹಾಗೇ. ಇದ್ದರೆ ಇರಲಿ, ಇಲ್ಲದಿದ್ದರೂ ಪರವಾಗಿಲ್ಲ ಅಂದುಕೊಂಡು ಅರ್ಜೆಂಟ್ ಅನ್ನುವ ಟ್ಯಾಗನ್ನು ಅಲ್ಲಿ ಹಾಕಿದವರು, ಅರ್ಜೆಂಟ್ ಅಲ್ಲದ ಎಲ್ಲವನ್ನೂ ಹೊರಗೆ ಹಾಕಿದ ಹಾಗಾಯಿತು. ನಿಮ್ಮ ನಲವತ್ತರಲ್ಲಿ ಇಂಥ ಒಂದೆರಡು ಸಿಗಬಹುದು, ಹುಡುಕಿ ನೋಡಿ.

ಎರಡನೇ ಕಾರಣ ಇನ್ನೂ ಕಳ್ಳ. ಇಲ್ಲ, ಅಲ್ಲ, ಬಿಟ್ಟು ಅನ್ನುವ ಕಂಡೀಷನ್‌ಗಳು. ಎಎಂಸಿ (ವರ್ಷದ ನಿರ್ವಹಣಾ ಒಪ್ಪಂದ) ಗ್ರಾಹಕರಿಗೆ ಬೇರೆ ಲಿಸ್ಟ್ ಇದೆ, ಉಳಿದವರಿಗೆ ಒಂದು ಮಾಡೋಣ ಅಂತ ಗ್ರಾಹಕರ ವಿಧ ಎಎಂಸಿ ಅಲ್ಲ ಅನ್ನುವ ಕಂಡೀಷನ್ ಹಾಕುತ್ತೀರಿ. ಆ ಜಾಗವನ್ನು ಯಾರೂ ತುಂಬಿಸದೆ ಖಾಲಿ ಬಿಟ್ಟ ಟಿಕೆಟ್ ಬರುತ್ತದಾ? ನಮ್ಮ ಲೆಕ್ಕದಲ್ಲಿ ಬರಬೇಕು. ಖಾಲಿ ಅಂದರೆ ಎಎಂಸಿ ಅಲ್ಲ ತಾನೇ? ಆದರೆ ಜಿರಾ ಹಾಗೆ ಯೋಚಿಸೋದಿಲ್ಲ. ಅಲ್ಲಿ ಇದಕ್ಕೆ ಸಮ ಅಲ್ಲ ಅನ್ನುವ ಚಿಹ್ನೆ ಖಾಲಿ ಜಾಗಗಳನ್ನು ಸೇರಿಸಿಕೊಳ್ಳೋದಿಲ್ಲ. ಏನಿದೆ ಅಂತಲೇ ಗೊತ್ತಿಲ್ಲದ್ದನ್ನು ಎಎಂಸಿ ಅಂತಲೂ ಅನ್ನೋದಿಲ್ಲ, ಎಎಂಸಿ ಅಲ್ಲ ಅಂತಲೂ ಅನ್ನೋದಿಲ್ಲ. ಡೇಟಾಬೇಸ್‌ಗಳಲ್ಲಿ ಖಾಲಿ ಜಾಗವನ್ನು ನೋಡುವ ರೀತಿಯೇ ಇದು. ಹಾಗಾಗಿ ಜಿರಾದಲ್ಲಿ ಎಎಂಸಿ ಅಲ್ಲ ಅಥವಾ ಖಾಲಿ ಅಂತ ಎರಡೂ ಬರೆಯಬೇಕು, ಬ್ರಾಕೆಟ್ ಸಮೇತ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ನಡೆ ಬೇರೆ ಇರಬಹುದು. ಊಹೆ ಮಾಡಬೇಡಿ. ಆ ಜಾಗ ಖಾಲಿ ಇರುವ ಒಂದು ಟೆಸ್ಟ್ ಟಿಕೆಟ್ ಮಾಡಿ, ಲಿಸ್ಟಿನಲ್ಲಿ ಬರುತ್ತದಾ ನೋಡಿ. ಎರಡು ನಿಮಿಷದ ಕೆಲಸ. ಯಾರೂ ನೋಡದ ನಿಮ್ಮ ದೂರುಗಳಲ್ಲಿ ಸುಮಾರು ಇಲ್ಲೇ ಸಿಕ್ಕಿಕೊಂಡಿದ್ದರೆ ನನಗೆ ಆಶ್ಚರ್ಯ ಆಗೋದಿಲ್ಲ, ಯಾಕೆಂದರೆ ಅವಸರದಲ್ಲಿ ಮಾಡಿದ ಟಿಕೆಟ್‌ಗಳಲ್ಲೇ ಜಾಗಗಳು ಖಾಲಿ ಉಳಿಯೋದು.

ಇನ್ನು ಸಮಯ. 24 ಗಂಟೆಯಿಂದ ಯಾರೂ ಮುಟ್ಟದ ಟಿಕೆಟ್ ಅನ್ನುವ ಲಿಸ್ಟ್ ನಿಮ್ಮಲ್ಲೂ ಇರಬಹುದು. ಅದರ ಕಂಡೀಷನ್ ತೆರೆದು ನೋಡಿ. ಅಪ್‌ಡೇಟ್ ಆಗಿ ಇಷ್ಟು ಗಂಟೆ ಅಂತ ಇದ್ದರೆ ಹುಷಾರು. ಅಪ್‌ಡೇಟ್ ಅಂದರೆ ಗ್ರಾಹಕರಿಗೆ ಉತ್ತರ ಕೊಟ್ಟದ್ದು ಅಂತ ಅರ್ಥವಲ್ಲ. ಟೆಕ್ನೀಷಿಯನ್ ಫೋನ್ ಎತ್ತಲಿಲ್ಲ ಅಂತ ಒಬ್ಬರು ಒಳಗಿನ ನೋಟ್ ಬರೆದರೂ ಅದು ಅಪ್‌ಡೇಟ್. ಹಾಗೆ ದಿನಕ್ಕೊಂದು ನೋಟ್ ಬಿದ್ದರೆ ಟಿಕೆಟ್ ಆ ಲಿಸ್ಟಿಗೆ ಬರೋದೇ ಇಲ್ಲ, ಗ್ರಾಹಕರಿಗೆ ಒಂದು ಮಾತೂ ಹೋಗಿರೋದಿಲ್ಲ. ಝೆಂಡೆಸ್ಕ್‌ನಲ್ಲಿ ದೂರು ಕೊಟ್ಟವರು ಕೊನೆಗೆ ಬರೆದು ಎಷ್ಟು ಗಂಟೆ ಆಯಿತು ಅನ್ನುವ ಕಂಡೀಷನ್ ಬೇರೆಯೇ ಇದೆ. ಅದನ್ನು ಓಪನ್ ಸ್ಟೇಟಸ್ ಜೊತೆ ಬಳಸಿ. ಪೆಂಡಿಂಗ್‌ನಲ್ಲಿದ್ದ, ಅಂದರೆ ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದ ಟಿಕೆಟ್‌ಗೆ ಗ್ರಾಹಕರು ಉತ್ತರ ಬರೆದರೆ ಅದು ತಾನಾಗಿಯೇ ಓಪನ್ ಆಗುತ್ತದೆ. ಹಾಗಾಗಿ ನಮ್ಮ ಉತ್ತರಕ್ಕೆ ಕಾಯುತ್ತಿರುವವರು ಯಾರು ಅಂತ ಈ ಲಿಸ್ಟ್ ಚೆನ್ನಾಗಿ ತೋರಿಸುತ್ತದೆ. ಹಾಗೇ, ಗಂಟೆಯ ಕಂಡೀಷನ್‌ನಲ್ಲಿ 24ಕ್ಕೆ ಸಮ ಅಂತ ಹಾಕಬೇಡಿ, 24ಕ್ಕಿಂತ ಜಾಸ್ತಿ ಅಂತ ಹಾಕಿ. ಸಮ ಅಂತ ಹಾಕಿದರೆ ಆ ಒಂದು ಗಂಟೆ ಮಾತ್ರ ಟಿಕೆಟ್ ಕಾಣಿಸಿ, ಊಟ ಮುಗಿಸಿ ಬರೋಷ್ಟರಲ್ಲಿ ಮಾಯವಾಗುತ್ತದೆ.

ಬೆಂಗಳೂರಿನವರು ಮರೆಯದೆ ನೋಡಬೇಕಾದ ಇನ್ನೊಂದು ಸೆಟ್ಟಿಂಗ್ ಇದೆ, ಟೈಮ್ ಝೋನ್. ಅಕೌಂಟ್ ತೆರೆದವರು ಅದನ್ನು ಯುಟಿಸಿಯಲ್ಲೇ (ಜಗತ್ತಿಗೆಲ್ಲ ಅಳತೆಯಾದ ಸಮಯ) ಬಿಟ್ಟಿದ್ದರೆ, ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ಸಾಫ್ಟ್‌ವೇರ್‌ನ ಇವತ್ತು ಶುರುವಾಗೋದು ನಮ್ಮ ಬೆಳಿಗ್ಗೆ ಐದೂವರೆಗೆ. ರಾತ್ರಿ ಒಂದು ಗಂಟೆಗೆ ಅಡುಗೆಮನೆ ತುಂಬ ನೀರು ಸೋರಿದೆ ಅಂತ ಬರೆದವರ ಟಿಕೆಟ್ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಇವತ್ತು ಬಂದವು ಅನ್ನುವ ಲಿಸ್ಟನ್ನೇ ನೋಡಿ ಕೆಲಸ ಶುರು ಮಾಡುವವರಿಗೆ ಅದು ಕಾಣೋದೇ ಇಲ್ಲ. ಟೈಮ್ ಝೋನ್ ಸರಿ ಮಾಡಿಸಿ. ಸಾಧ್ಯವಾದರೆ ಇವತ್ತು, ನಿನ್ನೆ ಅನ್ನುವ ಕಂಡೀಷನ್‌ಗಳನ್ನೇ ಬಿಟ್ಟು ಗಂಟೆ ಲೆಕ್ಕಕ್ಕೆ ಬನ್ನಿ.

ಈಗ ಭಾಷೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಸಾಫ್ಟ್‌ವೇರ್‌ನ ಸಹಾಯ ಪುಟಗಳು ಕನ್ನಡದಲ್ಲಿ ದೂರು ಬರೆಯುವವರನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. ಟಿಕೆಟ್‌ನ ಒಳಗಿನ ಪದ ಹಿಡಿದು ಮಾಡಿದ ಸರ್ಚ್‌ಗಳು ನಮ್ಮೂರಲ್ಲಿ ಬೇಗ ಕೈಕೊಡುತ್ತವೆ. ಒಬ್ಬರು ನೀರು ಬರುತ್ತಿಲ್ಲ ಅಂತ ಬರೆಯುತ್ತಾರೆ. ಇನ್ನೊಬ್ಬರು ನೀರ್ ಬರ್ತಾ ಇಲ್ಲ, ಮತ್ತೊಬ್ಬರು ನೀರೇ ಬರ್ತಿಲ್ಲ ಸಾರ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಇನ್ನೂ ಜಾಸ್ತಿ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಪದದ ಕೊನೆಯೂ ಬದಲಾಗುತ್ತಲೇ ಇರುತ್ತದೆ: ಫಿಲ್ಟರ್, ಫಿಲ್ಟರಿನ, ಫಿಲ್ಟರ್‌ಗೆ, ಫಿಲ್ಟರ್‌ನಿಂದ. ಪೂರ್ತಿ ಪದ ಹುಡುಕುವ ಸರ್ಚ್‌ಗೆ ಇವು ನಾಲ್ಕು ಬೇರೆ ಬೇರೆ ಪದಗಳು. ಅದರ ಮೇಲೆ ಫಿಲ್ಟರ್‌ನಿಂದ ಅನ್ನುವಾಗ ರ್ ಮತ್ತು ನಿ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಒತ್ತಕ್ಷರ ಆಗದ ಹಾಗೆ ತಡೆಯೋದು ಅದೇ. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದು ಹಾಕೋದಿಲ್ಲ. ಆಗ ಓದುವವರಿಗೆ ಒಂದೇ ಆದ ಪದ ಸಾಫ್ಟ್‌ವೇರ್‌ಗೆ ಬೇರೆಯಾಗಿ ಕಾಣಬಹುದು.

ಊರ ಹೆಸರಿನದೂ ಅದೇ ಕಥೆ. 2014ರ ನವೆಂಬರ್ 1ರಿಂದ ನಗರದ ಹೆಸರು ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ಬೆಂಗಳೂರು ಆಯಿತು. ಆದರೆ ವಿಳಾಸ ಬರೆಯುವಾಗ ಇವತ್ತಿಗೂ ಬ್ಯಾಂಗಲೋರ್ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಜೆ.ಪಿ. ನಗರವನ್ನು ಚುಕ್ಕಿ ಹಾಕಿ, ಚುಕ್ಕಿ ಬಿಟ್ಟು, ಜಾಗ ಬಿಟ್ಟು, ಜಾಗ ಬಿಡದೆ ಬರೆಯುತ್ತಾರೆ. ಟೆಕ್ನೀಷಿಯನ್‌ಗಳಿಗೆ ಏರಿಯಾವಾರು ಲಿಸ್ಟ್ ಬೇಕಿದ್ದರೆ ಹೆಸರಿನ ಬೆನ್ನು ಹತ್ತಬೇಡಿ, ಪಿನ್ ಕೋಡ್ ಹಿಡಿಯಿರಿ. ಮಲ್ಲೇಶ್ವರಂ 560003, ಬಸವನಗುಡಿ 560004, ನಿಮ್ಮ ರಾಜಾಜಿನಗರ 560010. ದೊಡ್ಡ ಬಡಾವಣೆಗಳಿಗೆ ಒಂದಕ್ಕಿಂತ ಹೆಚ್ಚು ಪಿನ್ ಇರುತ್ತವೆ, ಎಲ್ಲ ಸೇರಿಸಿ. ಹಾಗೇ 560ರಿಂದ ಶುರುವಾಗುವವು ಅಂತ ಮಾತ್ರ ಹಾಕಿ ನಮ್ಮ ಸುತ್ತಮುತ್ತ ಎಲ್ಲ ಬಂತು ಅಂದುಕೊಳ್ಳಬೇಡಿ. ನೆಲಮಂಗಲ, ಹೊಸಕೋಟೆ ಕಡೆಯ ಪಿನ್ 562ರಿಂದ ಶುರುವಾಗುತ್ತದೆ.

ದೂರಿನ ವಿಧಕ್ಕೂ ಇದೇ ದಾರಿ. ಪದ ಹುಡುಕೋದು ಬಿಟ್ಟು, ಟಿಕೆಟ್ ಮಾಡುವಾಗಲೇ ಒಂದು ಡ್ರಾಪ್‌ಡೌನ್ ತುಂಬಿಸಿ: ನೀರು ಬರುತ್ತಿಲ್ಲ, ಸೋರುತ್ತಿದೆ, ರುಚಿ ಅಥವಾ ವಾಸನೆ, ಶಬ್ದ, ಬಿಲ್. ಆರೇಳಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ಕೊಟ್ಟರೆ ಎಲ್ಲರೂ ಇತರೆ ಅಂತ ಆರಿಸುತ್ತಾರೆ. ಗ್ರಾಹಕರು ಯಾವ ಭಾಷೆಯಲ್ಲಿ, ಹೇಗೆ ಬರೆದರೂ ಓದಿ ಅರ್ಥ ಮಾಡಿಕೊಳ್ಳೋಕೆ ನಿಮ್ಮ ಹುಡುಗ ಹುಡುಗಿಯರು ಇದ್ದಾರೆ. ಸರ್ಚ್‌ಗೆ ಅವರು ಆರಿಸಿದ್ದು ಸಿಕ್ಕರೆ ಸಾಕು.

ಒಬ್ಬೊಬ್ಬರಿಗೂ ನನ್ನ ಟಿಕೆಟ್‌ಗಳು ಅಂತ ಬೇರೆ ಬೇರೆ ಲಿಸ್ಟ್ ಇದ್ದರೆ ಅವನ್ನು ಒಂದು ಮಾಡಿ. ಯಾರು ಲಾಗಿನ್ ಆಗಿದ್ದಾರೋ ಅವರ ಟಿಕೆಟ್ ಅನ್ನುವ ಕಂಡೀಷನ್ ಝೆಂಡೆಸ್ಕ್‌ನಲ್ಲೂ ಇದೆ, ಜಿರಾದಲ್ಲೂ ಇದೆ. ಒಂದೇ ಲಿಸ್ಟ್, ಎಂಟು ಜನರಿಗೂ ತಮ್ಮ ತಮ್ಮದು ಕಾಣುತ್ತದೆ. ನಿಮ್ಮ ನಲವತ್ತರಲ್ಲಿ ಇಲ್ಲೇ ಏಳು ಕಡಿಮೆಯಾಗಬಹುದು. ಹೆಸರು ಇಡುವಾಗ ಮಾಡಬೇಕಾದ ಕೆಲಸ ಹೇಳಿ. ಸರ್ವಿಸ್ ಹೊಸದು 2 ಅಂದರೆ ಯಾರಿಗೂ ತಿಳಿಯೋದಿಲ್ಲ. ಟೆಕ್ನೀಷಿಯನ್ ಗೊತ್ತು ಮಾಡಬೇಕು ಅಂತ ಇಟ್ಟರೆ ನಿನ್ನೆ ಸೇರಿದವರಿಗೂ ತಿಳಿಯುತ್ತದೆ.

ಈಗ ತಿದ್ದುವ ವಿಷಯ. ಒಬ್ಬರು ತಿದ್ದಿದರೆ ಎಲ್ಲರದೂ ಬದಲಾಗೋದು, ಅದು ಹಂಚಿಕೊಂಡ ಸರ್ಚ್ ಆದ್ದರಿಂದ. ಅದಕ್ಕೆ ಅಂಥದ್ದನ್ನು ನೇರವಾಗಿ ತಿದ್ದಲೇಬೇಡಿ. ಮೊದಲು ಕಾಪಿ ಮಾಡಿ, ನಿಮಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಿ. ಝೆಂಡೆಸ್ಕ್‌ನಲ್ಲಿ ಕ್ಲೋನ್ ಇದೆ, ಫ್ರೆಶ್‌ಡೆಸ್ಕ್‌ನಲ್ಲಿ ಹೊಸ ಹೆಸರಿನಲ್ಲಿ ಸೇವ್ ಮಾಡಬಹುದು. ಕಾಪಿಯಲ್ಲಿ ಒಂದು ಸಲಕ್ಕೆ ಒಂದೇ ಕಂಡೀಷನ್ ಬದಲಾಯಿಸಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗೋದಿಲ್ಲ. ಆಮೇಲೆ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ತೆರೆದು ನೋಡಿ. ಬರೀ ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಹಳೆಯದರಲ್ಲಿ 60, ಹೊಸದರಲ್ಲೂ 60 ಅಂದರೆ ಏನೂ ಬದಲಾಗಿಲ್ಲ ಅಂತ ಅಲ್ಲ. ಐದು ಹೊರಗೆ ಹೋಗಿ ಬೇರೆ ಐದು ಒಳಗೆ ಬಂದಿರಬಹುದು. ಎರಡೂ ಲಿಸ್ಟಿನ ಟಿಕೆಟ್ ನಂಬರ್‌ಗಳನ್ನು ಒಂದು ಶೀಟ್‌ಗೆ ಹಾಕಿ, ಹೊರಗೆ ಹೋದವನ್ನು ತೆರೆದು ಓದಿ. ಒಂದೊಂದಕ್ಕೂ ಇದು ಹೊರಗೆ ಹೋಗಿದ್ದು ಸರಿ, ಇನ್ನು ಇದನ್ನು ನೋಡೋರು ಇಂಥವರು ಅಂತ ಹೇಳೋಕೆ ಆಗಬೇಕು. ಹೇಳೋಕೆ ಆಗದಿದ್ದರೆ ಸೇವ್ ಮಾಡಬೇಡಿ.

ತಿದ್ದುವ ಅಧಿಕಾರ ಇಬ್ಬರಿಗೆ ಇರಲಿ, ನಿಮಗೆ ಮತ್ತು ನಿಮ್ಮ ರಜೆಯಲ್ಲಿ ನೋಡಿಕೊಳ್ಳುವ ಇನ್ನೊಬ್ಬರಿಗೆ. ಬೇರೆಯವರು ತಮಗೆ ಬೇಕಾದ್ದನ್ನು ತಮ್ಮ ಖಾಸಗಿ ಲಿಸ್ಟಿನಲ್ಲಿ ಮಾಡಿಕೊಳ್ಳಲಿ, ಅದಕ್ಕೆ ಅಡ್ಡಿ ಬೇಡ. ಯಾವಾಗ, ಯಾರು, ಏನು, ಯಾಕೆ ಬದಲಾಯಿಸಿದರು ಅಂತ ಒಂದು ಶೀಟ್‌ನಲ್ಲಿ ಒಂದು ಸಾಲು ಬರೆದಿಡಿ. ಜಿರಾದಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಒಂದು ಫಿಲ್ಟರ್ ಮೇಲೆ ಕೆಲಸದ ಸ್ಥಿತಿ ಒಟ್ಟಾಗಿ ತೋರಿಸುವ ಪರದೆಗಳು, ಅಂದರೆ ಬೋರ್ಡ್, ಡ್ಯಾಶ್‌ಬೋರ್ಡ್ ನಿಂತಿರುತ್ತವೆ. ಫಿಲ್ಟರ್ ತಿದ್ದಿದರೆ ಅವೂ ಬದಲಾಗುತ್ತವೆ.

ಟ್ಯಾಗ್ ಹೆಸರು ಬದಲಾಯಿಸುವ ಮುಂಚೆಯೂ ಸರ್ಚ್‌ಗಳನ್ನು ನೆನಪಿಸಿಕೊಳ್ಳಿ. ಟ್ಯಾಗ್ ಅನ್ನೋದು ಬರೀ ಅಕ್ಷರಗಳ ಸಾಲು. ನಾಳೆಯಿಂದ ಹೊಸ ಟ್ಯಾಗ್ ಹಾಕೋಣ ಅಂತ ಮೀಟಿಂಗ್‌ನಲ್ಲಿ ತೀರ್ಮಾನ ಮಾಡಿದರೆ ಹಳೆಯ ಸರ್ಚ್‌ಗೆ ಅದು ಗೊತ್ತಾಗೋದಿಲ್ಲ. ಅದು ಹಳೆಯ ಟ್ಯಾಗನ್ನೇ ಹುಡುಕುತ್ತಾ ಕೂರುತ್ತದೆ, ಎರರ್ ಕೂಡ ತೋರಿಸೋದಿಲ್ಲ. ಲಿಸ್ಟ್ ದಿನದಿಂದ ದಿನಕ್ಕೆ ಖಾಲಿಯಾಗುತ್ತದೆ, ಟೀಮ್ ದೂರು ಕಡಿಮೆಯಾಯಿತು ಅಂತ ಖುಷಿಪಡುತ್ತದೆ. ಯಾವುದಾದರೂ ಲಿಸ್ಟ್ ಇದ್ದಕ್ಕಿದ್ದ ಹಾಗೆ ಚಿಕ್ಕದಾದರೆ ಅದನ್ನೂ ಒಂದು ದೂರು ಅಂತಲೇ ನೋಡಿ.

ವರ್ಷದ ಎಎಂಸಿ ನವೀಕರಣಕ್ಕೆ ಹಳೆಯ ಟಿಕೆಟ್‌ಗಳ ಲಿಸ್ಟ್ ಬೇಕು ಅಂತಿದ್ದರೆ, ಝೆಂಡೆಸ್ಕ್ ವ್ಯೂ ಅದಕ್ಕೆ ಆಗೋದಿಲ್ಲ. ಅಲ್ಲಿ ಟಿಕೆಟ್ ಕ್ಲೋಸ್ ಆಗಿ 120 ದಿನವಾದ ಮೇಲೆ ಆರ್ಕೈವ್‌ಗೆ ಹೋಗುತ್ತದೆ, ವ್ಯೂನಲ್ಲಿ ಕಾಣೋದಿಲ್ಲ. ಹುಡುಕಿದರೆ ಸಿಗುತ್ತದೆ, ರಿಪೋರ್ಟ್‌ನಲ್ಲೂ ಬರುತ್ತದೆ. ಅದನ್ನು ಅಲ್ಲಿಂದಲೇ ತೆಗೆಯಿರಿ.

ಕೊನೆಗೆ ನಿಮ್ಮ ನಲವತ್ತಕ್ಕೆ ಬರೋಣ. ಒಟ್ಟು ಲಿಸ್ಟ್ ಮಾಡಿ, ಲೆಕ್ಕ ತಾಳೆಯಾಗಿ, ಹೊರಗಿದ್ದ ಟಿಕೆಟ್‌ಗಳಿಗೆಲ್ಲ ಒಂದು ಮನೆ ಸಿಕ್ಕಿದ ಮೇಲಷ್ಟೇ ಇದಕ್ಕೆ ಕೈ ಹಾಕಿ. ಒಂದೊಂದು ಸರ್ಚ್ ತೆರೆದು ಇದನ್ನು ದಿನಾ ನೋಡೋರು ಯಾರು ಅಂತ ಎಂಟು ಜನರನ್ನೂ ಕೇಳಿ. ಹೆಸರು ಬಾರದವನ್ನು ಅಳಿಸಬೇಡಿ, ಆಫ್ ಮಾಡಿ. ಝೆಂಡೆಸ್ಕ್‌ನಲ್ಲಿ ಡಿಆಕ್ಟಿವೇಟ್ ಇದೆ. ಆ ಸೌಲಭ್ಯ ಇಲ್ಲದ ಕಡೆ ಹೆಸರಿನ ಮುಂದೆ ಹಳೆಯದು ಅಂತ ಸೇರಿಸಿ, ನಿಮಗೆ ಮಾತ್ರ ಕಾಣುವ ಹಾಗೆ ಇಡಿ. ಒಂದು ತಿಂಗಳ ಕೊನೆ ದಾಟುವವರೆಗೆ ಕಾಯಿರಿ, ಬಿಲ್ಲಿಂಗ್‌ನವರು ಕೆಲವನ್ನು ತಿಂಗಳಿಗೆ ಒಮ್ಮೆ ಮಾತ್ರ ತೆರೆಯುತ್ತಾರೆ. ಅಲ್ಲಿಯವರೆಗೂ ಯಾರೂ ಕೇಳದಿದ್ದರೆ ಅದರ ಕಂಡೀಷನ್‌ಗಳನ್ನು ಶೀಟ್‌ಗೆ ನಕಲು ಮಾಡಿಕೊಂಡು ಅಳಿಸಿ. ಒಟ್ಟು ಲಿಸ್ಟನ್ನು ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ನೀವೇ ತೆರೆಯಿರಿ, ಮೇಲಿನ ಹತ್ತು ಟಿಕೆಟ್‌ಗಳನ್ನು ನೀವೇ ಓದಿ, ಆ ಮನೆಗಳಿಗೆ ಅವತ್ತೇ ಫೋನ್ ಹೋಗಲಿ.